ಝಂದ್ ವಂಶದ ಪರವಾಗಿ ನಾನು ಮಾಡಿದ ಚೌಕಾಸಿ

ಸನ್ನಿವೇಲ್: ಬಟ್ಟೆ ಒಗೆಯುವ ಕೋಣೆ

ಅಮೆರಿಕಕ್ಕೆ ಹೊರಟವರಿಗೆ ಎಲ್ಲರೂ ಸ್ವೆಟರಿನ ವಿಚಾರ ಹೇಳುತ್ತಾರೆ. ನಾನು ಸೀರೆಯ ವಿಚಾರ ಹೇಳುತ್ತೇನೆ. ಬಣ್ಣ ಬಿಡುವ ಸೀರೆಯನ್ನು ಸಮುದ್ರ ದಾಟಿಸಬೇಡಿ.

ಇದನ್ನು ಹೇಳುವ ಅಧಿಕಾರ ನನಗಿದೆ. ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದವಳು ನಾನು. ಮೊದಲು ಮನೆ ಮನೆಗೆ ಹೊತ್ತ ರವಿಕೆ ಕಣದ ಗಂಟು, ಆಮೇಲೆ ಮಾರುಕಟ್ಟೆಯ ಹಿಂದೆ ಒಂದು ಪೆಟ್ಟಿಗೆ ಅಂಗಡಿ, ಈಗ ಗಾಜಿನ ಬಾಗಿಲಿನ ಸೀರೆ ಅಂಗಡಿ. ನೂಲು ಮುಟ್ಟಿ ಊರು ಹೇಳಬಲ್ಲೆ. ಹಾಗಿದ್ದೂ ಸನ್ನಿವೇಲ್ ಊರಿನಲ್ಲಿರುವ ತಮ್ಮ ಮುರಳಿಯ ಅಪಾರ್ಟ್‌ಮೆಂಟಿಗೆ ಬಂದಿಳಿದ ನಾಲ್ಕನೇ ದಿನ, ಅಮೆರಿಕದ ನೆಲದಲ್ಲಿ ನನ್ನ ಮೊದಲ ಅಪರಾಧ ಒಂದು ಕೆಂಪು ಸುಂಗುಡಿ ಸೀರೆಯಿಂದ ನಡೆಯಿತು.

ಅಲ್ಲಿ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಬಳಸುವ ಒಂದು ಕೋಣೆಯಲ್ಲಿ ಸಾಲಾಗಿ ಒಗೆಯುವ ಯಂತ್ರಗಳಿರುತ್ತವೆ. ನಾಣ್ಯ ಹಾಕಿದರೆ ಓಡುತ್ತವೆ. ನಾನು ಹೋದಾಗ ಒಂದು ಯಂತ್ರ ಓಡುತ್ತಿತ್ತು. ಮುಚ್ಚಳ ಎತ್ತಿ ನೋಡಿದೆ. ಅರ್ಧ ಖಾಲಿ! ಯಾರೋ ಪುಣ್ಯಾತ್ಮರು ಪೂರ್ತಿ ಯಂತ್ರಕ್ಕೆ ನಾಣ್ಯ ಹಾಕಿ ನಾಲ್ಕು ಬಿಳಿ ಅಂಗಿ ಒಗೆಯುತ್ತಿದ್ದಾರೆ. ಬಸ್ಸು ಅರ್ಧ ಖಾಲಿ ಹೋಗುತ್ತಿದ್ದರೆ ಹತ್ತದೆ ಬಿಡುವವರುಂಟೇ? ನನ್ನ ಸುಂಗುಡಿ ಸೀರೆಯನ್ನು ಒಳಗೆ ಇಳಿಬಿಟ್ಟು ಮುಚ್ಚಳ ಹಾಕಿದೆ.

ಅಂಗಿಗಳ ಒಡೆಯರು ಬಂದರು. ಎಪ್ಪತ್ತು ದಾಟಿದ ಮುದುಕರು, ನೇರ ಬೆನ್ನು, ಮಡಚಿದ ಕೈಚೌಕ. ಯಂತ್ರದಿಂದ ಒಂದೊಂದಾಗಿ ನಾಲ್ಕು ಗುಲಾಬಿ ಅಂಗಿಗಳನ್ನು ತೆಗೆದು ಬೆಳಕಿಗೆ ಹಿಡಿದರು. ಕೊನೆಯಲ್ಲಿ ನನ್ನ ಸೀರೆ, ಹಗ್ಗದ ಹಾಗೆ.

"ತಪ್ಪಾಯ್ತು" ಎಂದೆ.

"ಖಾನುಂ" ಎಂದರು ಅವರು, ಎಂದರೆ ಅಮ್ಮಾವರೇ. "ಬಿಳಿ ಬಣ್ಣ ನನಗೆ ಯಾವತ್ತೂ ಒಪ್ಪಿರಲಿಲ್ಲ. ನೀವು ಉಪಕಾರ ಮಾಡಿದಿರಿ."

ಮಾರನೆಯ ದಿನ ಆ ಗುಲಾಬಿ ಅಂಗಿಯನ್ನೇ ತೊಟ್ಟು ಕೆಲಸಕ್ಕೆ ಹೊರಟರು. ಮೈಸೂರಿನಲ್ಲಾಗಿದ್ದರೆ ಬೀದಿಯೆಲ್ಲ ಸೇರಿ ನನ್ನ ವಂಶಾವಳಿ ವಿಚಾರಿಸುತ್ತಿತ್ತು.

ಪಕ್ಕದ ಮನೆ

ಅವರ ಹೆಸರು ಹೂಷಂಗ್. ಇರಾನಿನ ಶೀರಾಜ್ ಊರಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಅಲ್ಲಿ ಕ್ರಾಂತಿಯಾಗಿ, ಇರಾಕಿನ ಜೊತೆ ಯುದ್ಧ ಶುರುವಾದ ಮೇಲೆ ಮೊಮ್ಮಗಳು ಶಿರೀನಳನ್ನು ಕರೆದುಕೊಂಡು ಇಲ್ಲಿಗೆ ಬಂದು, ಒಂದು ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಕೂರುತ್ತಿದ್ದರು. ಹುಡುಗಿಯ ತಂದೆತಾಯಿಗೆ ಊರು ಬಿಡಲು ಅನುಮತಿ ಸಿಕ್ಕಿರಲಿಲ್ಲ.

ತಪ್ಪೊಪ್ಪಿಕೊಳ್ಳಲು ಒಂದು ಡಬ್ಬಿ ಕೋಡುಬಳೆ ಹಿಡಿದು ಹೋದೆ. ನಾವಿಬ್ಬರೂ ಆಡಿದ್ದು ಇಂಗ್ಲಿಷನ್ನೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮಿಬ್ಬರ ವ್ಯಾಕರಣ ಕೇಳಿದ್ದರೆ ಇದೇ ವಾಸಿ ಎನ್ನುತ್ತಿದ್ದಿರಿ. ಅವರು ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದರ ಮೂಲಕ ಟೀ ಹೀರುವುದನ್ನು ಕಲಿಸಿದರು. ನಾನು ಕಚ್ಚಿದ ಕೂಡಲೇ ಅದು ಪುಡಿಯಾಗಿ ಗಂಟಲಿಗಿಳಿಯಿತು. ಕೆಮ್ಮು ನಿಂತ ಮೇಲೆ, ಮಾತು ಬೇರೆ ಕಡೆ ತಿರುಗಲಿ ಎಂದು, ಕಾಲಡಿಯ ಪುಟ್ಟ ಜಮಖಾನೆಯನ್ನು ಹೊಗಳಿದೆ. ಹೊಗಳಿಕೆ ಸುಳ್ಳಲ್ಲ. ಅಂಥ ಕೆಲಸ ನಾನು ಕಂಡಿರಲಿಲ್ಲ.

"ಅದು ನಿಮ್ಮದೇ" ಎಂದರು.

"ಅಯ್ಯೋ, ಬೇಡಿ."

"ನಿಮ್ಮ ಕಾಲಿಗೆ ಅದು ಏನೂ ಅಲ್ಲ. ತೆಗೆದುಕೊಳ್ಳಲೇಬೇಕು."

"ಬೇಡಿ ಸಾಹೇಬ್ರೆ."

"ನನ್ನ ಮೇಲಾಣೆ."

ನನ್ನ ಅಂಗಡಿಯಲ್ಲಿ ಮೂರು ಸಲ ಹೇಳಿದವನ ಮಾತು ಗಟ್ಟಿ ಎಂದು ಲೆಕ್ಕ. ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ತಮ್ಮನ ಹೆಂಡತಿ ವೀಣಾ ಬಾಗಿಲಲ್ಲೇ ನಿಂತಳು. "ಅತ್ತಿಗೆ, ಏನಿದು?"

"ಉಡುಗೊರೆ ಕಣೆ."

ಮುರಳಿ ತಲೆ ಹಿಡಿದುಕೊಂಡ. "ಅಕ್ಕಾ! ನಮ್ ಆಫೀಸಲ್ಲೂ ಇರಾನಿಯೋರಿದ್ದಾರೆ. ಅವ್ರು ಹಾಗನ್ನೋದು ಮರ್ಯಾದೆಗೆ. ನಾವು ಬೇಡ ಅಂತಾನೇ ಇರ್ಬೇಕು. ನೀನು ಹೋಗಿ ಮನೆ ನೆಲಾನೇ ಕಿತ್ಕೊಂಡ್ ಬಂದಿದೀಯಲ್ಲ!"

ಹಿಂದಿರುಗಿಸಲು ಹೋದರೆ ಅವರು ತೆಗೆದುಕೊಳ್ಳುವುದಿಲ್ಲ. ಕೊಟ್ಟದ್ದು ಕೊಟ್ಟದ್ದೇ ಎಂದು ಎದೆ ಮುಟ್ಟಿ ಹೇಳುತ್ತಾರೆ, ಕಣ್ಣು ಮಾತ್ರ ಜಮಖಾನೆಯ ಮೇಲಿದೆ. ಕೊನೆಗೆ ವ್ಯಾಪಾರದ ಬುದ್ಧಿಯನ್ನೇ ಹೂಡಬೇಕಾಯಿತು. ಮಾಲಿನಲ್ಲಿ ದೋಷ ಹೇಳಿದೆ. "ಸಾಹೇಬ್ರೆ, ಇದು ನಮ್ಮ ಮನೆ ನೆಲದ ಮೇಲೆ ಜಾರುತ್ತೆ. ಬೆಳಿಗ್ಗೆ ಬೀಳ್ತಾ ಇದ್ದೆ. ನನ್ನ ಸೊಂಟ ಉಳಿಸಿ." ಸೊಂಟದ ಮಾತು ಬಂದ ಮೇಲೆ ಅವರಿಗೂ ದಾರಿ ಸಿಕ್ಕಿತು. ಜಮಖಾನೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಓದುವವರಿಗೆ ನನ್ನ ಸಲಹೆ: ಇರಾನಿಯರ ಮನೆಯಲ್ಲಿ ಹೊಗಳಲೇಬೇಕು ಎನ್ನಿಸಿದರೆ ಕಿಟಕಿಯಿಂದ ಕಾಣುವ ಬೆಟ್ಟವನ್ನು ಹೊಗಳಿ.

ಆ ಜಮಖಾನೆಯ ಮೇಲೆ ಕೂತೇ ಅವರು ತಮ್ಮ ಕುಲದ ಕತೆ ಹೇಳಿದ್ದು. ದೆಹಲಿಯನ್ನು ಕೊಳ್ಳೆ ಹೊಡೆದು ನವಿಲು ಸಿಂಹಾಸನ ಹೊತ್ತೊಯ್ದ ನಾದಿರ್ ಶಾಹ ನಮಗೆಲ್ಲ ಗೊತ್ತಲ್ಲ, ಅವನು ಸತ್ತ ಮೇಲೆ ಇರಾನು ಚೆಲ್ಲಾಪಿಲ್ಲಿಯಾಯಿತಂತೆ. ಆಗ ಕುರಿ ಕಾಯುವ ಝಂದ್ ಎಂಬ ಬುಡಕಟ್ಟಿನ ಕರೀಂ ಖಾನ್ ಎದ್ದು ರಾಜ್ಯ ಕಟ್ಟಿದ. ಆದರೆ ಶಾಹ ಎನ್ನಿಸಿಕೊಳ್ಳಲಿಲ್ಲ. ಹಳೆಯ ರಾಜಮನೆತನದವನೊಬ್ಬನನ್ನು ಹೆಸರಿಗೆ ಕೂರಿಸಿ, ತಾನು ಬರಿ ಪ್ರಜೆಗಳ ವಕೀಲ, ಎಂದರೆ ಪ್ರತಿನಿಧಿ, ಎಂದ. ಇದು ನನಗೆ ತಕ್ಷಣ ಅರ್ಥವಾಯಿತು. ಅದೇ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯೂ ಒಡೆಯರನ್ನು ಗದ್ದುಗೆಯ ಮೇಲೆ ಬಿಟ್ಟು ಬೀಗದ ಕೈ ತಾನಿಟ್ಟುಕೊಂಡಿದ್ದನಲ್ಲ! ಬೋರ್ಡಿನ ಮೇಲೆ ಇನ್ನೊಬ್ಬರ ಹೆಸರಿದ್ದರೆ ಕಲ್ಲು ಅವರಿಗೆ ಬೀಳುತ್ತದೆ. ಚತುರರ ಕೆಲಸ.

"ಎಷ್ಟು ದಿನ ಆಳಿದ್ರಿ?" ಎಂದೆ.

"ನಲವತ್ತು ಚಿಲ್ಲರೆ ವರ್ಷ. ಒಟ್ಟು."

ನನ್ನ ಅಂಗಡಿಯ ಪಕ್ಕದ ಹೋಟೆಲ್ಲು ಅದಕ್ಕಿಂತ ಹೆಚ್ಚು ಕಾಲ ನಡೆದಿದೆ. ಹೇಳಲಿಲ್ಲ.

ಕರೀಂ ಖಾನ್ ಸತ್ತ ಮೇಲೆ ದಾಯಾದಿಗಳು ಕಚ್ಚಾಡಿದರು. ಕಜಾರ್ ಎಂಬ ಇನ್ನೊಂದು ಬುಡಕಟ್ಟಿನ ದೊರೆ ಬಂದು, ಝಂದ್ ವಂಶದ ಕೊನೆಯ ಹುಡುಗ ರಾಜನ ಕಣ್ಣು ಕೀಳಿಸಿ ಕೊಲ್ಲಿಸಿದ. ಅಷ್ಟಕ್ಕೂ ತಣಿಯದೆ, ಕರೀಂ ಖಾನನ ಗೋರಿ ಅಗೆಸಿ, ಎಲುಬುಗಳನ್ನು ತೆಹರಾನಿಗೆ ತರಿಸಿ, ದಿನವೂ ತುಳಿದು ಓಡಾಡಲೆಂದು ತನ್ನ ಅರಮನೆಯ ಹೊಸ್ತಿಲ ಕೆಳಗೆ ಹೂಳಿಸಿದ.

"ಹೊಸ್ತಿಲ ಕೆಳಗೆ!" ನಮ್ಮಲ್ಲಿ ಮಗು ಹೊಸ್ತಿಲ ಮೇಲೆ ಕೂತರೂ ಎಬ್ಬಿಸುತ್ತೇವೆ.

"ನೂರ ಮೂವತ್ತು ವರ್ಷ ಅಲ್ಲೇ ಇತ್ತು, ಖಾನುಂ" ಎಂದರು. ಅವರ ಟೀ ಆರಿಹೋಗಿತ್ತು.

ಸ್ಯಾನ್ ಹೋಸೆ: ಹಳೆ ಸಾಮಾನಿನ ಸಂತೆ

ಒಂದು ಶನಿವಾರ ಮುರಳಿ ನಮ್ಮನ್ನೂ ಹೂಷಂಗ್ ಸಾಹೇಬರನ್ನೂ ಕಾರಿನಲ್ಲಿ ತುಂಬಿಕೊಂಡು ಫ್ರೀವೇ ಮೇಲೆ ಸ್ಯಾನ್ ಹೋಸೆಯ ಸಂತೆಗೆ ಕರೆದೊಯ್ದ. ಅಮೆರಿಕದ ಅಂಗಡಿಗಳಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಚೀಟಿ ಅಂಟಿಸಿರುತ್ತಾರೆ, ಅದೇ ಕೊನೆ, ಮಾತೇ ಇಲ್ಲ. ಸಂತೆಯಲ್ಲಿ ಮಾತ್ರ ಮನುಷ್ಯರಿದ್ದರು.

ಒಬ್ಬ ಟೋಪಿಯವನ ಮುಂದೆ ಟೀಗೆ ನೀರು ಕಾಯಿಸುವ ಹಿತ್ತಾಳೆಯ ಪಾತ್ರೆ, ಸಮೋವರು ಇತ್ತು. ಹೂಷಂಗ್ ಸಾಹೇಬರು ಅದನ್ನು ನೋಡಿ ನಿಂತುಬಿಟ್ಟರು. ಅಂಥದ್ದನ್ನೇ ಊರಲ್ಲಿ ಬಿಟ್ಟು ಬಂದಿದ್ದರಂತೆ. ಅವರನ್ನು ಹಿಂದಕ್ಕೆ ತಳ್ಳಿದೆ. ಬೇಕಾದ ವಸ್ತುವನ್ನು ಬೇಕಾದವರು ಎಂದೂ ಕೇಳಬಾರದು, ಮುಖ ಹೇಳಿಬಿಡುತ್ತದೆ. ನಾನು ಪಕ್ಕದ ಬಾಣಲೆಯ ಬೆಲೆ ಕೇಳಿದೆ. ಬೈದೆ. ಹೊರಟೆ. ತಿರುಗಿ ಬಂದೆ. ಸಮೋವರಿನ ಬುಡ ತಟ್ಟಿ, "ಇದು ಸೋರುತ್ತಲ್ಲ?" ಎಂದೆ. ನೆಲದ ಮೇಲೆ ಕೂತು, ಕಾಲು ನೋಯುತ್ತದೆಂದೆ. ಟೋಪಿಯವನು ಹೇಳಿದ್ದರ ಮೂರನೇ ಒಂದು ಭಾಗಕ್ಕೆ ಕೊಟ್ಟು, ಸುತ್ತಲು ಹಳೆಯ ಕಂಬಳಿಯನ್ನೂ ಸೇರಿಸಿದ.

ಹೂಷಂಗ್ ಸಾಹೇಬರು ಮನೆ ತಲುಪುವವರೆಗೆ ಸಮೋವರನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಇಳಿಯುವಾಗ ಹೇಳಿದರು: "ಖಾನುಂ, ಬರುವ ಭಾನುವಾರ ಶಿರೀನಳನ್ನು ಕೇಳಲು ಗಂಡಿನ ಕಡೆಯವರು ಬರುತ್ತಾರೆ. ನಮ್ಮ ಮನೆಯಲ್ಲಿ ಹಿರಿಯ ಹೆಂಗಸರಿಲ್ಲ. ಚಿನ್ನದ ನಾಣ್ಯದ ಮಾತುಕತೆ ಇರುತ್ತದೆ. ನೀವು ನಮ್ಮ ಕಡೆ ಕೂರಬೇಕು."

ಯಾರು ಯಾರಿಗೆ ಕೊಡುವ ನಾಣ್ಯ ಎಂದು ನಾನು ಕೇಳಲಿಲ್ಲ. ಕೇಳಲು ಏನಿದೆ? ನಮ್ಮ ಕಡೆ ಇಬ್ಬರು ತಂಗಿಯರ ಮದುವೆಯಲ್ಲಿ, ನಾಲ್ವರು ಸೋದರಸೊಸೆಯರ ಮದುವೆಯಲ್ಲಿ ಹೆಣ್ಣಿನ ಕಡೆ ಕೂತು ಗಂಡಿನವರ ಬಾಯಿಯನ್ನು ಕಿರಿದು ಮಾಡಿದವಳು ನಾನು. ಒಪ್ಪಿಕೊಂಡೆ.

ಶಿರೀನ್ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದಳು. ಕಾಲೇಜು ಓದುತ್ತಿದ್ದ ತೆಳ್ಳನೆಯ ಹುಡುಗಿ. ಕಣ್ಣು ತುಂಬಿತ್ತು.

"ಆಂಟಿ, ಕಾಮ್ರಾನ್ ಒಳ್ಳೆಯವನು. ನಾವಿಬ್ಬರೂ ಒಂದೇ ಕ್ಲಾಸು. ಆದರೆ ಅವನ ಅಜ್ಜಿ ಫಖ್ರಿ ಖಾನುಂ... ಅವರು ಕಜಾರ್."

"ಆ ಕಣ್ಣು ಕಿತ್ತೋರಾ?"

"ಅವರ ಮೊಮ್ಮಕ್ಕಳ ಮೊಮ್ಮಕ್ಕಳು. ತಾತ ಎಲುಬಿನ ಮಾತು ತೆಗೆದರೆ ಅಜ್ಜಿ ಎದ್ದು ಹೋಗುತ್ತಾರೆ. ಕ್ಷಮೆ ಕೇಳದೆ ಹುಡುಗಿ ಕೊಡೋಲ್ಲ ಅಂತಾರೆ ತಾತ. ಎಲ್ಲಾ ಮುಗಿಯುತ್ತೆ. ನೀವು ಹೇಗಾದರೂ ಮಾಡಿ ಆಂಟಿ."

ಇನ್ನೂರು ವರ್ಷದ ಹಿಂದಿನ ಎಲುಬು ಇಂಥ ಹುಡುಗಿಯ ಕೊರಳಿಗೆ ಬಿದ್ದಿತ್ತು. "ನೀನು ಸುಮ್ನಿರು ಮಗಾ. ನಾನು ನೋಡ್ಕೋತೀನಿ" ಎಂದು ಕನ್ನಡದಲ್ಲೇ ಹೇಳಿದೆ. ಅವಳು ತಲೆಯಾಡಿಸಿದಳು.

ಭಾನುವಾರ

ಕ್ಯುಪರ್ಟಿನೋದ ದೊಡ್ಡ ಮನೆಯಿಂದ ಅಜ್ಜಿ ಮೊಮ್ಮಗ ಬಂದರು. ಫಖ್ರಿ ಖಾನುಂ ನನಗಿಂತ ಒಂದಡಿ ಗಿಡ್ಡ, ಕೊರಳಲ್ಲಿ ಮುತ್ತು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಕಾಮ್ರಾನ್ ಹೂಗುಚ್ಛದ ಹಿಂದೆ ಬೆವರುತ್ತಿದ್ದ. ನಮ್ಮ ಕಡೆ ಹೂಷಂಗ್ ಸಾಹೇಬರು ಗುಲಾಬಿ ಅಂಗಿಯ ಮೇಲೆ ಕೋಟು ಹಾಕಿದ್ದರು. ನಾನು ರೇಷ್ಮೆ ಉಟ್ಟಿದ್ದೆ. ಮುರಳಿಯನ್ನು ಬೆಂಬಲಕ್ಕೆ ಕೂರಿಸಿಕೊಂಡಿದ್ದೆ. ಮಾತೆಲ್ಲ ಅವರ ಫಾರ್ಸಿ ಭಾಷೆಯಲ್ಲಿ. ನನಗೆ ತಿಳಿಯಲೆಂದು ಶಿರೀನ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಹೇಳಿದ್ದನ್ನು ಅವರಿಗೆ ಫಾರ್ಸಿಯಲ್ಲಿ.

ಹವಾ, ಆರೋಗ್ಯ, ಪಿಸ್ತಾ, ಮತ್ತೆ ಹವಾ. ಒಂದು ಗಂಟೆ ಹೀಗೆ. ಆಮೇಲೆ ಹೂಷಂಗ್ ಸಾಹೇಬರು ಗಂಟಲು ಸರಿಮಾಡಿಕೊಂಡು ಏನೋ ಹೇಳಿದರು.

"ನೂರ ಮೂವತ್ತು ಚಿನ್ನದ ನಾಣ್ಯ" ಎಂದಳು ಶಿರೀನ್ ಮೆಲ್ಲಗೆ.

ಬಂಕಿನ ಗಲ್ಲಾದಲ್ಲಿ ಕೂರುವ ಮನುಷ್ಯ ನೂರ ಮೂವತ್ತು ನಾಣ್ಯ ಎಲ್ಲಿಂದ ತರಬೇಕು? ಗತ್ತಿಗೆ ಬಿದ್ದು ಮನೆ ಮುಳುಗಿಸಿಕೊಳ್ಳುತ್ತಿದ್ದಾರೆ! ಕೈ ಎತ್ತಿ ತಡೆದೆ.

"ನೂರ ಮೂವತ್ತು ಆಗೋ ಮಾತಲ್ಲ. ಅರವತ್ತು."

ಶಿರೀನ್ ನನ್ನನ್ನು ನೋಡಿದಳು. "ಆಂಟಿ...?"

"ಹೇಳು ಅವರಿಗೆ. ಅರವತ್ತು."

ಹೇಳಿದಳು. ಹೂಷಂಗ್ ಸಾಹೇಬರು ನನ್ನ ಕಡೆ ತಿರುಗಿದ ರೀತಿಗೆ, ನನ್ನ ಮಾತಿನ ಪಟ್ಟು ನೋಡಿ ಬೆರಗಾಗಿದ್ದಾರೆ ಎಂದುಕೊಂಡೆ. ಫಖ್ರಿ ಖಾನುಂ ಕೋಲನ್ನು ನೆಲಕ್ಕೆ ಕುಟ್ಟಿದರು.

"ಅಜ್ಜಿ ಕೇಳ್ತಾರೆ, ನಮ್ಮ ಮನೆತನ ಅಷ್ಟು ಗತಿಗೆಟ್ಟಿದೆ ಅಂದುಕೊಂಡಿರಾ? ನೂರ ಐವತ್ತು."

ಎದುರಿನವರು ಏರಿಸಿದರು! ಅಂಕಿ ಏರಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಐವತ್ತು. ಅದೂ ಮದುವೆ ಆದ ಮೇಲೆ."

"ನೂರ ಎಂಬತ್ತು!" ಇದನ್ನು ಮುದುಕಿ ನೇರವಾಗಿ ಇಂಗ್ಲಿಷಿನಲ್ಲೇ ನನ್ನ ಮುಖಕ್ಕೆ ಹೇಳಿದರು.

"ನಲವತ್ತು!"

ಮುರಳಿ ನನ್ನ ಸೆರಗು ಜಗ್ಗಿದ. "ಅಕ್ಕಾ, ಏನ್ ಮಾಡ್ತಿದೀಯ? ನೀನು ಹೆಣ್ಣಿನ ಕಡೆ!"

"ಅದಕ್ಕೇ ಕಣೋ ಇಳಿಸ್ತಿರೋದು."

"ಇವ್ರಲ್ಲಿ ಕೊಡೋದು ಗಂಡಿನೋರು! ಹುಡುಗಿಗೆ! ಬರೆದು ಕೊಡ್ಬೇಕು!"

ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಒಂದೇ ಒಂದು ಸಲ ನಮ್ಮದೇ ಮಾಲಿಗೆ ಬೆಲೆ ಇಳಿಸಿದ್ದು ಅವತ್ತು. ಗಂಡಿನವರು ಕೊಡುವ ದೇಶವೊಂದು ಭೂಮಿಯ ಮೇಲಿದೆ ಎಂದು ಯಾರಾದರೂ ಮೊದಲೇ ಹೇಳಬಾರದೇ? ಬೆವರು ಒರೆಸಿಕೊಂಡೆ. ಕಾಮ್ರಾನ್ ಹೂವಿನ ಹಿಂದೆ ನಗು ತಡೆಯುತ್ತಿದ್ದ. ಅವನೊಬ್ಬನಿಗೆ ನನ್ನ ಮೇಲೆ ಪ್ರೀತಿ ಬಂದಿರಬೇಕು.

ಅಷ್ಟರಲ್ಲಿ ಫಖ್ರಿ ಖಾನುಂ ಹೂಷಂಗ್ ಸಾಹೇಬರನ್ನು ಏನೋ ಕೇಳಿದರು. ಸಾಹೇಬರು ಎದ್ದು ನಿಂತು ಒಂದೇ ವಾಕ್ಯ ಹೇಳಿದರು.

"ಏನಂದ್ರು ಮಗಾ?"

"ನೂರ ಮೂವತ್ತೇ ಯಾಕೆ ಅಂತ ಅಜ್ಜಿ ಕೇಳಿದರು" ಎಂದಳು. "ಎಲುಬು ನಿಮ್ಮ ಹೊಸ್ತಿಲ ಕೆಳಗೆ ಇದ್ದ ಒಂದೊಂದು ವರ್ಷಕ್ಕೆ ಒಂದು ಅಂತ ತಾತ ಹೇಳಿದರು."

ಮುದುಕಿ ಕೋಲೂರಿ ಎದ್ದರು. ಹುಡುಗಿ ನನ್ನ ಕೈ ಹಿಡಿದಳು. ಎದ್ದ ಗಿರಾಕಿಯನ್ನು ಕೂರಿಸಲು ನನಗೆ ನೂರು ದಾರಿ ಗೊತ್ತು. ಆ ಗಳಿಗೆಗೆ ಒಂದೂ ಹೊಳೆಯಲಿಲ್ಲ. ಬಾಗಿಲಿಗೆ ಅಡ್ಡ ಹೋಗಿ ನಿಂತುಬಿಟ್ಟೆ.

ಆದರೆ ಫಖ್ರಿ ಖಾನುಂ ಹೊರಡಲು ಎದ್ದದ್ದಲ್ಲ. ಹೂಷಂಗ್ ಸಾಹೇಬರು ನಿಂತಿದ್ದಾರೆಂದು ಎದ್ದದ್ದು. ಇಬ್ಬರೂ ಎದುರುಬದುರು ನಿಂತರು. ಮುದುಕಿ ನಿಧಾನವಾಗಿ ಮಾತಾಡಿದರು, ಶಿರೀನ್ ಒಂದೊಂದಾಗಿ ನನಗೆ ಹೇಳಿದಳು.

"ಅಜ್ಜಿ ಆರು ವರ್ಷದವರಿದ್ದಾಗ ಅವರ ಅಜ್ಜಿ ಕೈ ಹಿಡಿದು ಆ ಅರಮನೆಗೆ ಕರೆದುಕೊಂಡು ಹೋಗಿದ್ದರಂತೆ. ಆ ಬಾಗಿಲ ಹತ್ತಿರ ಬಂದಾಗ ಅವರಜ್ಜಿ ಚಾದರ ಮೇಲೆತ್ತಿ ಹೊಸ್ತಿಲನ್ನ ದಾಟಿದರಂತೆ. ತುಳಿಯಲಿಲ್ಲವಂತೆ. ಇವರನ್ನೂ ಎತ್ತಿ ದಾಟಿಸಿದರಂತೆ. ಯಾಕೆ ಅಂತ ಕೇಳಿದರೆ, ಕೆಳಗೆ ಒಬ್ಬ ಹಿರಿಯರು ಮಲಗಿದ್ದಾರೆ ಅಂದರಂತೆ. ನಮ್ಮ ಮನೆಯ ಹೆಂಗಸರು ಯಾರೂ ಯಾವತ್ತೂ ತುಳಿದಿಲ್ಲ, ಗಂಡಸರ ಲೆಕ್ಕ ನನ್ನನ್ನ ಕೇಳಬೇಡಿ ಅಂತಿದಾರೆ."

ಹೂಷಂಗ್ ಸಾಹೇಬರು ಇತಿಹಾಸದ ಮೇಷ್ಟ್ರಲ್ಲವೇ, ಈ ಸಂಗತಿ ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ. ಆಮೇಲೆ ಏನೋ ಕೇಳಿದರು.

"ಯಾವ ಕಾಲು ಮೊದಲು ಇಟ್ಟರು ಅಂತ ಕೇಳ್ತಿದಾರೆ" ಎಂದಳು ಶಿರೀನ್. "ಬಲಗಾಲು ಅಂತೆ."

ಅವರು ಕೂತರು. ಮುದುಕಿಯೂ ಕೂತರು. ಹೂಷಂಗ್ ಸಾಹೇಬರು ಎದೆ ಮುಟ್ಟಿಕೊಂಡು ಹೇಳಿದರು: ನಾಣ್ಯ ಬೇಡ, ಶೀರಾಜಿನ ನರ್ಗಿಸ್ ಹೂವಿನ ಒಂದು ಕಡ್ಡಿ ಸಾಕು. ಫಖ್ರಿ ಖಾನುಂ ಕಣ್ಣೊರೆಸಿಕೊಂಡು, ಇಂಥ ದೊಡ್ಡ ಮನಸ್ಸಿನ ಮುಂದೆ ತಾನೇನು ಹೇಳಲಿ ಎಂದು ತಲೆಬಾಗಿದರು. ಎಲ್ಲರೂ ತಲೆದೂಗಿದರು.

ನನಗೊಬ್ಬಳಿಗೆ ಸಿಟ್ಟು ಬಂತು. ನೂರ ಎಂಬತ್ತರವರೆಗೆ ಏರಿದ್ದ ವ್ಯಾಪಾರ ಐದು ನಿಮಿಷದಲ್ಲಿ ಒಂದು ಹೂವಿಗೆ ಬಂದು ನಿಂತಿತ್ತು! ದೊಡ್ಡವರ ದೊಡ್ಡತನಕ್ಕೆ ಹುಡುಗಿ ಬರಿಗೈಯಲ್ಲಿ ಹೋಗಬೇಕೇ?

"ಒಂದು ನಿಮಿಷ" ಎಂದೆ. "ಹುಡುಗಿಯನ್ನ ಯಾರಾದರೂ ಕೇಳಿದಿರಾ?"

ಯಾರೂ ಕೇಳಿರಲಿಲ್ಲ.

"ಹೇಳು ಮಗಾ. ನಾಚಿಕೆ ಆಮೇಲೆ ಪಡೋಣ."

ಶಿರೀನ್ ನೆಲ ನೋಡಿಕೊಂಡು, ಇನ್ನೆರಡು ವರ್ಷದ ಓದು ಉಳಿದಿದೆ, ಅದನ್ನು ಮುಗಿಸಬೇಕು, ಫೀಸಿಗೆ ತಾತ ರಾತ್ರಿಪಾಳಿ ಮಾಡಬಾರದು ಎಂದಳು. ನಾನು ಮುದುಕಿಯ ಕಡೆ ತಿರುಗಿದೆ. ಈ ಸಲ ಸರಿಯಾದ ದಿಕ್ಕಿಗೆ. "ಅಮ್ಮಾ, ಓದು ಮುಗಿಯೋವರೆಗೆ ಫೀಸು ನಿಮ್ಮದು. ಬರೆದು ಕೊಡಬೇಕು. ಕೈಯಲ್ಲಿ ಒಂದಿಷ್ಟು ಚಿನ್ನ. ಹೂವಿನ ಕಡ್ಡಿ ನಿಮ್ಮಿಬ್ಬರ ಸಂತೋಷಕ್ಕೆ."

ಫಖ್ರಿ ಖಾನುಂ ನನ್ನನ್ನು ಮೇಲಿಂದ ಕೆಳಗೆ ಅಳೆದರು. ಹದಿನಾಲ್ಕು ತಮ್ಮಲ್ಲಿ ಶುಭದ ಸಂಖ್ಯೆ, ಹದಿನಾಲ್ಕು ನಾಣ್ಯ ಎಂದರು. ಹದಿನೆಂಟು ಕೇಳೋಣ ಎಂದು ಬಾಯಿ ತೆರೆದೆ. ಮುರಳಿ ಕಾಲು ತುಳಿದ. ಮುಚ್ಚಿಕೊಂಡೆ. ಕಾಗದ ಬರೆದಾಯಿತು. ಶಿರೀನ್ ಸಿಹಿ ತಟ್ಟೆ ತಂದಳು. ಕಾಮ್ರಾನ್ ಮೊದಲ ತುಂಡನ್ನು ನನಗೇ ಕೊಟ್ಟ.

ಹೊರಡುವ ಹೊತ್ತಾಯಿತು. ಬಾಗಿಲ ಬಳಿ ಹೂಷಂಗ್ ಸಾಹೇಬರು ಪಕ್ಕಕ್ಕೆ ಸರಿದು, ಕೈ ಚಾಚಿ, "ನೀವು ಮೊದಲು" ಎಂದರು. ಫಖ್ರಿ ಖಾನುಂ ಹಿಂದೆ ಸರಿದರು. ಸಾಧ್ಯವೇ ಇಲ್ಲ, ನೀವು ಮೊದಲು. ಅವರು ಎದೆ ಮುಟ್ಟಿದರು. ಇವರು ತಲೆ ಬಾಗಿಸಿದರು. ನಿಮ್ಮ ಮನೆ. ನೀವು ಅತಿಥಿ. ನೀವು ಹಿರಿಯರು. ನೀವು ಕರೀಂ ಖಾನರ ಕುಡಿ. ನೀವು ಶಾಹರ ಮೊಮ್ಮಗಳು. ಹಿಂದಿನವರು ಮೊದಲಾಗಲು ಗೋರಿ ಅಗೆದರು, ಇವರು ಕೊನೆಯಾಗಲು ಕಾದಾಡುತ್ತಿದ್ದರು. ಕಾಮ್ರಾನ್ ಮತ್ತೆ ಕುರ್ಚಿಯಲ್ಲಿ ಕೂತ. ಮುರಳಿ ಗಡಿಯಾರ ನೋಡಿದ.

ನನ್ನ ಕಾಲು ನೋಯುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಝಂದ್ ಕಜಾರ್ ಎರಡೂ ವಂಶಗಳ ನಡುವೆ ತೂರಿಕೊಂಡು, ಮೊದಲು ನಾನೇ ಹೊರಗೆ ಹೋದೆ.